ಎಂ.ಡಿ. ಸಾಹೇಬರಿಗೊಬ್ಬ ಸಾಕ್ಷಿ

ಜನವರಿ 6, ಸೋಮವಾರ

ಈ ದಿನಚರಿ ಪುಸ್ತಕವನ್ನು ಬರೆಯಲೆಂದು ಕೊಟ್ಟರೋ ನೋಡಲೆಂದು ಕೊಟ್ಟರೋ ತಿಳಿಯದು. ಮೊದಲ ಪುಟದಲ್ಲಿ ಹಾಲಿನ ಕಂಪೆನಿಯ ಎಂ.ಡಿ. ಭಾನುಪ್ರಕಾಶ ಸಾಹೇಬರ ಬಣ್ಣದ ಫೋಟೋ ಇದೆ. ಪ್ರತಿ ಪುಟದ ತಲೆಗೂ ಅವರದೇ ಒಂದೊಂದು ಮಾತು, ತೆಲುಗಿನಲ್ಲಿ. ಕೆಳಗೆ ಇಷ್ಟು ಜಾಗ ಖಾಲಿ ಬಿಟ್ಟಿದ್ದಾರೆ, ಬಿಡುವುದೇಕೆಂದು ಬರೆಯುತ್ತಿದ್ದೇನೆ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಆದ್ದರಿಂದ ಕನ್ನಡದಲ್ಲಿ.

ಇವತ್ತು ಗದ್ವಾಲದಿಂದ ಬಿಳಿ ಕಾರು ಬಂದಿತ್ತು. ನಮ್ಮ ಓಣಿಯಲ್ಲಿ ತಿರುಗಿಸಲು ಬಾರದೆ ಹಿಂದಕ್ಕೇ ಬಂತು. ಇಳಿದವಳು ಶಿರಿಷಾ, ಕಂಪೆನಿಯ ಪ್ರಚಾರದ ಕೆಲಸದ ಹುಡುಗಿ. ಕಂಪೆನಿಗೆ ಹತ್ತು ವರ್ಷ ತುಂಬಿತಂತೆ. ಫೆಬ್ರವರಿ ಎರಡರಂದು ಗದ್ವಾಲದಲ್ಲಿ ಸಮಾರಂಭ, ಎಂ.ಡಿ. ಸಾಹೇಬರಿಗೆ 'ಮಹಾನಾಯಕ' ಎಂಬ ಬಿರುದು.

"ತಾತ, ನೀವು ಬೀರಪ್ಪನ ಕಥಿ ಹೇಳೋ ಹಂಗನೇ ಸಾರ್ ಕಥಿ ಒಂದು ಗಂಟೆ ಹೇಳಬೇಕು. ಡೊಳ್ಳು ಇರಬೇಕು. ಹೈದರಾಬಾದಿನ ಬ್ಯಾಂಡು ಬ್ಯಾಡ ಅಂದೀನಿ ನಾನು," ಅಂದಳು.

ಮಕ್ತಲ್ ಸೀಮೆಯಲ್ಲಿ ಕಥೆ ಅಂದರೆ ಲಕ್ಷ್ಮಯ್ಯನದೇ, ಅಂದರೆ ನನ್ನದೇ, ಎಂದು ಯಾರೋ ಹೇಳಿದ್ದಾರೆ. ಹೇಳಿದವರು ಸುಳ್ಳು ಹೇಳಿಲ್ಲ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟು, ಮೇಲೊಂದು ಟಿಶ್ಯೂ ಕಾಗದ ಮುಚ್ಚಿ ತಂದಿದ್ದಳು, ಜೊತೆಗೆ ಈ ದಿನಚರಿ. ವೀಳ್ಯ ಹಿಡಿದೆ, ಹಾಡಲು ಒಪ್ಪಿದಂತಾಯಿತು. ಬ್ಯಾನರಿಗೆಂದು ನನ್ನ ಫೋಟೋ ತೆಗೆದಳು. ಬೆಳಕು ಅಡ್ಡ ಬರುತ್ತದೆಂದು ಡೊಳ್ಳಿನ ಆಶಪ್ಪನನ್ನು ಪಕ್ಕಕ್ಕೆ ಸರಿಸಿದಳು. ಫೋಟೋ ಚೆನ್ನಾಗಿ ಬಂದಿದೆ.

ನಾನು ವೀಳ್ಯ ಹಿಡಿಯುವಾಗ ಆಶಪ್ಪ ಎರಡು ಸಲ ಕೆಮ್ಮಿದ. ಚಳಿಗೆ ಅವನ ಗಂಟಲು ತಡೆಯುವುದಿಲ್ಲ.

ಜನವರಿ 7, ಮಂಗಳವಾರ

ಅದು ಚಳಿಯ ಕೆಮ್ಮಲ್ಲ.

ಆಶಪ್ಪ ನನ್ನ ಚಿಕ್ಕಪ್ಪನ ಮಗ, ಮೂವತ್ತು ವರ್ಷದಿಂದ ನನ್ನ ಮೇಳದಲ್ಲಿ ಡೊಳ್ಳು ಬಾರಿಸುತ್ತಾನೆ. ಬೆಳಿಗ್ಗೆ ಬಂದು ಕಟ್ಟೆಯ ಮೇಲೆ ಕೂತ.

"ಅಣ್ಣ, ವೀಳ್ಯ ಹಿಡದಿ. ಚಲೋ ಆತು. ಸಾಕ್ಷಿ ಯಾರು?"

ಚಹಾ ಕೆಳಗಿಟ್ಟೆ. ನಮ್ಮ ಮನೆತನದ ಕಟ್ಟಳೆ ಇದು: ದೇವರನ್ನು ಹೊಗಳಲು ಯಾರ ಸಾಕ್ಷಿಯೂ ಬೇಡ. ಬದುಕಿರುವ ಮನುಷ್ಯನನ್ನು ಹೊಗಳಬೇಕಾದರೆ, ಅವನು ಮಾಡಿದ್ದನ್ನು ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ ಒಬ್ಬರು ಮುಂದೆ ಬಂದು ಡೊಳ್ಳಿನ ಮುಖಕ್ಕೆ ಭಂಡಾರ ಹಚ್ಚಬೇಕು. ಅರಿಶಿನದ ಆ ಪುಡಿ ಬಿದ್ದ ಮೇಲೆಯೇ ಬಾಯಿ ತೆರೆಯಬೇಕು. ಸಾಕ್ಷಿ ಹೇಳುವವರು ಅವನ ಮನೆಯವರಾಗಿರಬಾರದು, ಅವನ ಉಪ್ಪುಂಡವರೂ ಆಗಿರಬಾರದು. ಸಾಕ್ಷಿಯಿಲ್ಲದೆ ಹೊಗಳಿದವನು ಮತ್ತೆ ಬೀರಪ್ಪನ ಗುಡಿಯಲ್ಲಿ ಹಾಡುವಂತಿಲ್ಲ. ಇತ್ತ ವೀಳ್ಯ ಹಿಡಿದು ಹಾಡದೆ ಬಿಟ್ಟರೆ ಡೊಳ್ಳು ಒಂದು ವರ್ಷ ಗೂಟಕ್ಕೆ, ಬಾರಿಸುವಂತಿಲ್ಲ.

ಮೊದಲು ಸಾಕ್ಷಿ ಕೇಳಿ ಆಮೇಲೆ ವೀಳ್ಯ ಹಿಡಿಯಬೇಕಿತ್ತು. ನಲವತ್ತು ವರ್ಷದಲ್ಲಿ ಒಮ್ಮೆಯೂ ಈ ತಪ್ಪು ಮಾಡಿರಲಿಲ್ಲ. ಬಿಳಿ ಕಾರು ಮಾಡಿಸಿತು.

"ಫಿಕರ್ ಮಾಡಬ್ಯಾಡ. ಅಷ್ಟು ದೊಡ್ಡ ಮನುಷ್ಯಾಗ ಒಬ್ಬ ಸಾಕ್ಷಿ ಸಿಗೋದಿಲ್ಲೇನು," ಅಂದೆ.

"ನಾ ಎಲ್ಲಿ ಫಿಕರ್ ಮಾಡೀನಿ? ಫೋಟೋದಾಗ ನಾ ಇಲ್ಲಲ್ಲ," ಅಂದ.

ಜನವರಿ 9, ಗುರುವಾರ

ಶಿರಿಷಾ ಕೊಟ್ಟ ಕಾಗದದಲ್ಲಿ ಸಾಹೇಬರ ಸಾಧನೆಗಳಿವೆ. ಕಿಷ್ಟಮ್ಮ ರೊಟ್ಟಿ ಬಡಿಯುತ್ತಿದ್ದಳು, ನಾನು ಗಟ್ಟಿಯಾಗಿ ಓದಿದೆ.

"ಐದುನೂರು ಮಂದಿ ಹೆಂಗಸರನ್ನು ತಮ್ಮ ಕಾಲ ಮೇಲೆ ತಾವು ನಿಲ್ಲುವಂತೆ ಮಾಡಿದರು."

"ಅದಕ್ಕೂ ಮೊದಲ ಅವರು ಯಾರ ಕಾಲ ಮ್ಯಾಲ ನಿಂತಿದ್ರಂತ?" ಅಂದಳು ನನ್ನ ಹೆಂಡತಿ.

"ದಿನಾ ಬೆಳಗಿನ ನಾಲ್ಕಕ್ಕೆ ಏಳುತ್ತಾರೆ."

"ಎಮ್ಮಿ ಹಿಂಡಾಕೇನು?"

ಇವಳ ಮುಂದೆ ಓದುವುದೇ ತಪ್ಪು. ಆದರೆ ಮೂರನೆಯ ಸಾಧನೆ ಹಾಡಿಗೆ ತಕ್ಕದ್ದು: ಹೋದ ಮಳೆಗಾಲದಲ್ಲಿ ಮೂರು ದಿನ ಕರೆಂಟು, ಗದ್ವಾಲದ ರಸ್ತೆ ಎರಡೂ ಇಲ್ಲದಾಗ ನಮ್ಮ ಕಡೆಯ ಊರುಗಳ ಹಾಲು ಒಂದು ಹನಿಯೂ ಕೆಡದಂತೆ ಸಾಹೇಬರು ಕಾಪಾಡಿದರು. ಅದನ್ನು ಓದಿದಾಗ ಅವಳು ಒಲೆಯ ಕಡೆ ತಿರುಗಿದಳು. ರೊಟ್ಟಿ ಮಗುಚಿ ಹಾಕಿದಳು, ಅಷ್ಟೇ.

ಇವತ್ತಿನ ಪುಟದ ಮೇಲೆ 'ನಾಯಕನಾದವನು ಎಲ್ಲರಿಗಿಂತ ಮುಂದೆ ನಡೆಯುತ್ತಾನೆ' ಎಂದಿದೆ. ಆಶಪ್ಪನಿಗೆ ಓದಿ ಹೇಳಿದೆ. ಅವನು ಕುರಿ ಕಾಯ್ದವನು. "ಕಾಯೋನು ಮುಂದ ಹೋದ್ರ ಹಿಂದಿನ ಕುರಿ ಎತ್ತ ಹೋದ್ವು ಅಂತ ಯಾರು ನೋಡಬೇಕು?" ಅಂದ. ಇವರಿಬ್ಬರನ್ನೂ ಇಟ್ಟುಕೊಂಡು ಯಾರನ್ನೂ ಹೊಗಳುವುದು ಕಷ್ಟ.

ಜನವರಿ 11, ಶನಿವಾರ

ಸಾಕ್ಷಿ ಹುಡುಕಿಕೊಂಡು ಗದ್ವಾಲಕ್ಕೆ ಹೋಗಿ ಬಂದೆವು. ಕಂಪೆನಿಯಲ್ಲಿ ಸಾಕ್ಷಿಗೆ ಬರವಿಲ್ಲ. ಗೇಟಿನವನು ಬರುತ್ತೇನೆಂದ. ಲೆಕ್ಕದವರು ಮೂವರು ಬರುತ್ತೇವೆಂದರು. ಮ್ಯಾನೇಜರ್ ಎದ್ದು ನಿಂತು, "ಸಾರ್ ಒಬ್ಬ ಸಮುದ್ರ, ನಾವು ಅವರ ದಂಡಿ ಮ್ಯಾಲಿನ ಉಸುಕು," ಅಂದರು. ಎಲ್ಲರೂ ಉಪ್ಪುಂಡವರು. ಒಬ್ಬರೂ ನಡೆಯುವುದಿಲ್ಲ.

ಗೇಟಿನ ಹೊರಗೆ ಚಹಾ ಮಾರುವವನನ್ನು ಕೇಳಿದೆ, ಸಾಹೇಬರು ಏನಾದರೂ ಮಾಡಿದ್ದನ್ನು ನೋಡೀಯೇನು ಎಂದು. ಅವನು ಬಹಳ ಯೋಚಿಸಿದ.

"ಕಾರು ನೋಡೀನ್ರಿ. ಕಾರು ಬಾಳ ಚಲೋ ಐತಿ."

ಬರುವಾಗ ಜೂರಾಲ ಡ್ಯಾಮಿನ ಹತ್ತಿರ ಇಳಿದು ಮೀನು ತಿಂದೆವು. ಆಶಪ್ಪ ಮೀನಿನ ಮುಳ್ಳು ಬಿಡಿಸುತ್ತ, ಎಣ್ಣೆಯಲ್ಲಿ ಮೀನು ಕುದಿಯುವ ಸದ್ದು ಯಾವ ತಾಳ ಎಂದು ಹೇಳುತ್ತಿದ್ದ. ಅವನ ಬೆರಳು ಸುಮ್ಮನಿರುವುದೇ ಇಲ್ಲ. ಇಷ್ಟು ವರ್ಷ ನಾನು ಗಮನಿಸಿಲ್ಲವೋ, ಈಗ ಹೆಚ್ಚಾಗಿದೆಯೋ.

ಜನವರಿ 16, ಗುರುವಾರ

ಸಂಕ್ರಾಂತಿ ಮುಗಿಸಿ ನಾರಾಯಣಪೇಟೆಗೆ ಹೋದೆವು. ಅಲ್ಲಿನ ಸೀರೆ ಅಂಗಡಿಯ ಒಬ್ಬರು ಸಾಹೇಬರನ್ನು ಬಲ್ಲರು ಎಂದು ಸುದ್ದಿ. ಬಲ್ಲರು, ನಿಜ. ಉಪ್ಪುಂಡವರೂ ಅಲ್ಲ. ಸಾಹೇಬರು ಒಮ್ಮೆ ಅಂಗಡಿಗೆ ಬಂದು, ತಾಯಿಗೆಂದು ಸೀರೆ ಆರಿಸಿ, ಹತ್ತೇ ನಿಮಿಷದಲ್ಲಿ ಚೌಕಾಸಿಯಿಲ್ಲದೆ ಎದ್ದು ಹೋದರಂತೆ.

"ಇದಕ್ಕ ಭಂಡಾರ ಹಚ್ಚತೀನಿ, ಬರೋಬ್ಬರಿ ನೋಡೀನಿ," ಅಂದರು ಅವರು.

ಬಸ್ಸಿನಲ್ಲಿ ಆಶಪ್ಪ ರಾಗ ಎಳೆದ: "ಚೌಕಾಸಿ ಮಾಡದ ಶೂರ ಬಂದನೋ, ಬಿಲ್ಲು ಕೇಳದೆ ಹೋದನೋ." ಮುಂದಿನ ಸೀಟಿನ ಮುದುಕಿ ತಿರುಗಿ, ಅದು ಯಾವ ದೇವರ ಪದ ಎಂದು ಕೇಳಿದಳು. ಊರು ಮುಟ್ಟುವವರೆಗೆ ನಕ್ಕೆವು. ಇಳಿದ ಮೇಲೆ ನಗು ಉಳಿಯಲಿಲ್ಲ. ಇನ್ನು ಹದಿನೇಳು ದಿನ.

ಜನವರಿ 20, ಸೋಮವಾರ

ಹಾಲಿನ ಸಾಧನೆಯೊಂದೇ ಉಳಿದಿತ್ತು. ನಮ್ಮೂರ ಹಾಲಿನ ಡಿಪೋ ನೋಡಿಕೊಳ್ಳುವವಳು ಕುರುಮಮ್ಮ. ಹಾಲಿನ ದಪ್ಪ ನೋಡುವ ಗಾಜಿನ ಕೊಳವೆ ಕೈಯಲ್ಲಿ ಹಿಡಿದರೆ ಸ್ವಂತ ಅಣ್ಣನ ಹಾಲಿನ ನೀರನ್ನೂ ಬಿಡುವವಳಲ್ಲ. ಆ ಮೂರು ದಿನ ಸಾಹೇಬರು ಏನು ಮಾಡಿದರು ಎಂದು ಕೇಳಿದೆ.

"ಅವರೇನು ಮಾಡಿದ್ರು ನನಗ ಗೊತ್ತಿಲ್ಲಣ್ಣ. ನಾವೇನು ಮಾಡಿದ್ವಿ ಗೊತ್ತೈತಿ."

ಆರುನೂರು ಲೀಟರ್ ಹಾಲು ಬಂದು ಕೂತಿತ್ತು. ಗದ್ವಾಲದ ಕಡೆಯ ಸೇತುವೆ ಮುಳುಗಿ ಲಾರಿ ಬರಲಿಲ್ಲ. ಕರೆಂಟಿಲ್ಲ, ಜನರೇಟರ್ ಕೆಟ್ಟಿತ್ತು. ಕಂಪೆನಿಯ ಯಾರೋ ಅಧಿಕಾರಿ ಫೋನಿನಲ್ಲಿ, ಚೆಲ್ಲಿಬಿಡು, ಯಾರೂ ಮುಟ್ಟಬಾರದು ಎಂದನಂತೆ. ಇವಳು ಚೆಲ್ಲಲಿಲ್ಲ. ಫಂಕ್ಷನ್ ಹಾಲ್ ನಡೆಸುವ ಹಂಪಣ್ಣನಿಂದ ಮದುವೆಯ ಕಡಾಯಿಗಳನ್ನು ತರಿಸಿದಳು. ಮನೆಮನೆಯಿಂದ ಸೌದೆ ಬಂತು. ನಲವತ್ತು ಹೆಂಗಸರು ಸರದಿಯ ಮೇಲೆ ನಿಂತು ಮೂರು ದಿನ ಹಾಲು ಕಾಸಿ ಖೋವಾ ಮಾಡಿದರು. ಮಕ್ತಲ್‌ನಿಂದ ನಮ್ಮೂರ ಮೇಲೆ ಹಾಯುವ ರಾಯಚೂರಿನ ಬಸ್ಸು ಓಡುತ್ತಿತ್ತು. ಕಂಡಕ್ಟರ್ ಸೀಟಿನ ಕೆಳಗೆಲ್ಲ ಖೋವಾದ ಡಬ್ಬಿ ಇಟ್ಟುಕೊಂಡು ಹೋದ. ಅಲ್ಲಿನ ಮಿಠಾಯಿ ಅಂಗಡಿಯವರು ಇಳಿಸಿಕೊಂಡರು.

ಆ ಮೂರು ದಿನ ನಾನು ಮಲ್ದಕಲ್‌ನಲ್ಲಿ ಕಥೆಗೆ ಹೋಗಿ ಮಳೆಗೆ ಸಿಕ್ಕಿಕೊಂಡಿದ್ದೆ. ಮನೆಗೆ ಬಂದಾಗ ಖೋವಾ ಇತ್ತು. ತಿಂದೆ. ಚೆನ್ನಾಗಿತ್ತು.

"ಅಧಿಕಾರಿ ಬ್ಯಾಡ ಅಂದ ಮ್ಯಾಲ ಹೆಂಗ ಮಾಡಿದ್ರಿ?" ಎಂದೆ.

ಕುರುಮಮ್ಮ ನನ್ನನ್ನು ಒಂದು ನಮೂನೆ ನೋಡಿದಳು. "ಮನ್ಯಾಗ ಅಕ್ಕ ಹೇಳಿಲ್ಲೇನು?"

ಮನೆಗೆ ಬಂದು ಕಿಷ್ಟಮ್ಮನನ್ನು ಕೇಳಿದೆ, ಯಾಕೆ ಹೇಳಲಿಲ್ಲ ಎಂದು.

"ನೀವು ಕೇಳಿದ್ರೇನು? ಬಂದ ಕೂಡ್ಲೆ ಮಲ್ದಕಲ್‌ನಾಗ ಎಷ್ಟು ಮಂದಿ ನೆರೆದಿದ್ರು ಅಂತ ಹೇಳಾಕ ಹತ್ತಿದ್ರಿ. ನಾಕು ದಿನ ಅದನ್ನ ಹೇಳಿದ್ರಿ."

ಆಮೇಲೆ ಹೇಳಿದಳು. ಡಿಪೋದ ಗೋಡೆಯ ಕ್ಯಾಲೆಂಡರಿನಲ್ಲಿ ಎಂ.ಡಿ. ಸಾಹೇಬರ ಫೋಟೋ, ಕೆಳಗೆ 'ನೇರವಾಗಿ ನನ್ನೊಂದಿಗೆ ಮಾತಾಡಿ' ಎಂದು ಒಂದು ನಂಬರು. ಹತ್ತು ವರ್ಷದಲ್ಲಿ ಯಾರೂ ಮಾತಾಡಿರಲಿಲ್ಲ. ಇವಳು ಕುರುಮಮ್ಮನ ಫೋನ್ ತೆಗೆದುಕೊಂಡು ಹಚ್ಚಿದಳು. ಹಿಡಿದವರು ಸಾಹೇಬರೇ.

"ಕೈ ಒದ್ದಿ ಇದ್ದುವು, ಸ್ಪೀಕರ್ ಹಾಕಿದ್ದೆ. ಎಲ್ಲಾ ಹೇಳಿದೆ, ಸುಮ್ಮನ ಕೇಳಿದ್ರು. 'ಖೋವಾ ಮಾಡಾಕ ನಿಮಗ ಬರ್ತೈತೇನು' ಅಂತ ತೆಲುಗಿನಾಗ ಕೇಳಿದ್ರು. 'ನಮಗ ಬರ್ತೈತಿ, ನಿಮಗ ಬರ್ತೈತೇನ್ರಿ' ಅಂದೆ. 'ಇಲ್ಲಮ್ಮ' ಅಂದ್ರು. 'ಹಂಗಾರ ನಮಗ ಬಿಡ್ರಿ' ಅಂದೆ. ನಕ್ಕರು. 'ಬಿಟ್ಟೆ. ಮಾಡ್ರಿ. ಯಾರರ ತಡದ್ರ ನನ್ನ ಹೆಸರು ಹೇಳ್ರಿ' ಅಂದು ಇಟ್ಟುಬಿಟ್ರು."

ನಮ್ಮ ಮನೆಯಲ್ಲಿ ಎಮ್ಮೆಯಿಲ್ಲ, ಕುರಿಗಳಿವೆ. ಡಿಪೋಗೆ ನಾವು ಹಾಲು ಹಾಕುವವರಲ್ಲ. ಕಿಷ್ಟಮ್ಮ ಸಾಹೇಬರ ಉಪ್ಪು ತಿಂದಿಲ್ಲ. ಎರಡು ಊರು ತಿರುಗಿದೆ. ಸಾಕ್ಷಿ ನನಗೆ ದಿನಾ ರೊಟ್ಟಿ ಹಾಕುತ್ತಿದ್ದಳು.

ಜನವರಿ 22, ಬುಧವಾರ

ಹೆಂಗಸರು ಡೊಳ್ಳಿಗೆ ಭಂಡಾರ ಹಚ್ಚಬಹುದೇ ಎಂದು ಊರ ಹಿರಿಯರಲ್ಲಿ ಮಾತಾಯಿತು. ಹಚ್ಚಬಾರದು ಎಂದು ಯಾವ ಪದದಲ್ಲಿದೆ, ಹಾಡಿ ತೋರಿಸಿ ಎಂದೆ. ಯಾರಿಗೂ ಬರಲಿಲ್ಲ.

ಇನ್ನೊಂದು ತಕರಾರೂ ಎದ್ದಿತು. ಕುರುಮಮ್ಮನ ಕೆಲಸ ಹೇಳದೆ ಈ ಕಥೆಯಿಲ್ಲ, ಅವಳನ್ನು ಹೊಗಳಲೂ ಸಾಕ್ಷಿ ಬೇಕು. ಅದನ್ನು ಕಂಡವರಲ್ಲಿ ಹೆಚ್ಚಿನವರು ಕಂಪೆನಿಗೆ ಹಾಲು ಹಾಕುವವರು. ಅವರು ಉಪ್ಪುಂಡವರಲ್ಲವೇ?

ಆಶಪ್ಪ ತೀರ್ಪು ಕೊಟ್ಟ: "ಕಂಪೆನಿ ಹಾಲು ಇವರು ಕುಡಿತಾರೇನು? ಇವರ ಹಾಲು ಕಂಪೆನಿ ಕುಡಿತೈತಿ. ಯಾರು ಯಾರ ಉಪ್ಪು ತಿಂದಂಗಾತು?"

ಎಲ್ಲರೂ ಒಪ್ಪಿದರು. ಹೀಗೆ ಯೋಚಿಸುವುದು ಇವನಿಗೆ ಎಲ್ಲಿಂದ ಬರುತ್ತದೋ.

ಜನವರಿ 24, ಶುಕ್ರವಾರ

ಕಥೆ ಬರುತ್ತಿದೆ. ಸೌಟು ಕಡಾಯಿಯಲ್ಲಿ ತಿರುಗುವ ತಾಳ ಆಶಪ್ಪನದು. ಮೊದಲು ಹಗುರ, ಹಾಲು ಗಟ್ಟಿಯಾದಂತೆ ಭಾರ. ಕಿಷ್ಟಮ್ಮ ಒಲೆಯ ಮುಂದಿನಿಂದ ತಿದ್ದುತ್ತಾಳೆ: "ಮೊದಲ ಸೌದಿ ತಂದಾಕಿ ಆಕಿ ಅಲ್ಲ. ಹಂಗ ಹಾಡಿದ್ರ ನಾಳಿ ನೀರಿನ ಟ್ಯಾಂಕಿನ ಹತ್ರ ಜಗಳ ಆಗ್ತೈತಿ."

ತಿದ್ದಿದೆವು. ಈಗ ಕುರುಮಮ್ಮನದು ನಲವತ್ತು ನಿಮಿಷ. ಕಡಾಯಿ, ಕಂಡಕ್ಟರು, ಊರಿನವರದು ಇಪ್ಪತ್ತು. ಸಾಹೇಬರದು ಎರಡು ಸಾಲು:

ಬಲ್ಲವರು ಕೇಳಿದರು, ಬಿಟ್ಟೆ ಎಂದನು ದೊರೆ
ಬಿಟ್ಟ ಕೈ ಸಣ್ಣದಲ್ಲ, ಅಡ್ಡ ಬಾರದ ಕಾಲು ಸಣ್ಣದಲ್ಲ

ಎಳೆದರೆ ಮೂರಾಗಬಹುದೇನೋ. ಎಳೆಯಲಿಲ್ಲ. ಸಾಕ್ಷಿ ಇರುವುದು ಇಷ್ಟಕ್ಕೇ.

ಜನವರಿ 28, ಮಂಗಳವಾರ

ಶಿರಿಷಾ ಕಥೆ ಕೇಳಲು ಬಂದಳು. ಅರ್ಧ ಗಂಟೆ ತಲೆದೂಗಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ತಾತ, ಸಾರ್ ಯಾವಾಗ ಬರ್ತಾರ?"

"ಕೊನಿಗೆ ಬರ್ತಾರವ್ವ."

"ಎಷ್ಟು ಹೊತ್ತು?"

"ಎರಡು ಸಾಲು."

"ಅಯ್ಯೋ ದೇವುಡಾ," ಎಂದು ಅಲ್ಲೇ ಕೂತಳು. ಮ್ಯಾನೇಜರಿಗೆ ಗೊತ್ತಾದರೆ ನಿಮ್ಮ ಕಥೆ ತೆಗೆದು ರೆಕಾರ್ಡು ಹಾಕಿಸುತ್ತಾರೆ ಅಂದಳು. ನಾನು ನನ್ನ ಕಷ್ಟ ಹೇಳಿದೆ: ಅವರು ತೆಗೆದರೂ ವೀಳ್ಯ ವೀಳ್ಯವೇ, ಡೊಳ್ಳು ಗೂಟಕ್ಕೇ. ಸಾಲು ಹೆಚ್ಚಿಸಿದರೆ ಗುಡಿಯ ಬಾಗಿಲು ನನಗೆ ಮುಚ್ಚುತ್ತದೆ. ಕಿಷ್ಟಮ್ಮ ಅವಳಿಗೆ ರೊಟ್ಟಿ, ಶೇಂಗಾ ಚಟ್ನಿ ಹಾಕಿ, ಫೋನಿನ ಕಥೆಯನ್ನು ಸಾಹೇಬರ ದನಿಯಲ್ಲೇ ಹೇಳಿದಳು. ಹುಡುಗಿ ನಕ್ಕು ನಕ್ಕು ನೀರು ಕುಡಿದಳು.

ಹೋಗುವಾಗ ಕಾರಿನ ಬಾಗಿಲು ಹಿಡಿದು ನಿಂತಳು.

"ತಾತ, ನಾನು ಇವತ್ತು ಬಂದಿದ್ದೆ. ರೊಟ್ಟಿ ತಿಂದೆ. ಕಥಿ ಕೇಳಾಕ ಟೈಮ್ ಆಗಲಿಲ್ಲ. ಬರೋಬ್ಬರಿ ಏನು?"

ಜಾಣೆ.

ಫೆಬ್ರವರಿ 1, ಶನಿವಾರ

ನಾಳೆ. ಆಶಪ್ಪ ಡೊಳ್ಳಿನ ಹಗ್ಗ ಬಿಗಿದು ಬಿಸಿಲಿಗಿಟ್ಟ. ನಾನು ಊಟ ಮಾಡಲಿಲ್ಲ. ಕಿಷ್ಟಮ್ಮ ಎರಡು ಸಲ ಊಟ ಮಾಡಿದಳು.

ಫೆಬ್ರವರಿ 3, ಸೋಮವಾರ

ನಿನ್ನೆ ಬರೆಯಲು ಕೂರಲಾಗಲಿಲ್ಲ. ನಗುತ್ತಲೇ ಮಲಗಿದೆವು.

ಸಭೆಯಲ್ಲಿ ಮೊದಲು ಭಾಷಣಗಳು. ಒಬ್ಬರು ಸಾಹೇಬರನ್ನು ಪರ್ವತ ಅಂದರು, ಇನ್ನೊಬ್ಬರು ಸೂರ್ಯ ಅಂದರು. ಮ್ಯಾನೇಜರ್ ಸಮುದ್ರವನ್ನೇ ತಂದರು. ಸಾಹೇಬರು ದೊಡ್ಡ ಕುರ್ಚಿಯಲ್ಲಿ ಫೋಟೋದಲ್ಲಿರುವಂತೆಯೇ ಕೂತಿದ್ದರು. ಹತ್ತಿರದಿಂದ ನೋಡಿದರೆ ಪಾಪ, ಆಕಳಿಕೆ ನುಂಗುತ್ತಿದ್ದರು.

ನಮ್ಮ ಸರದಿ ಬಂತು. ನಾನು ಕಟ್ಟಳೆ ಹೇಳಿದೆ: ಕಂಡವರು ಬರಬೇಕು, ಉಪ್ಪುಂಡವರು ಬರಬಾರದು. ಭಾಷಣ ಮಾಡಿದವರೆಲ್ಲ ತಮ್ಮ ಬೂಟು ನೋಡಿಕೊಂಡರು. ಮೊದಲು ಕುರುಮಮ್ಮನ ಕಥೆ, ಅದನ್ನು ಕಂಡವರು ಯಾರು ಎಂದು ಕೂಗಿದೆ.

ಊರು ಎರಡು ಟ್ರ್ಯಾಕ್ಟರಿನಲ್ಲಿ ಬಂದಿತ್ತು. ಎಲ್ಲರೂ ಎದ್ದರು. ಒಬ್ಬರು ಸಾಕಿತ್ತು, ಬಂದವರು ಎಪ್ಪತ್ತು. ಹಂಪಣ್ಣ ಬಂದ, ಬಸ್ಸಿನ ಕಂಡಕ್ಟರು ರಜೆ ಹಾಕಿ ಬಂದಿದ್ದ, ಸೌಟು ಹಿಡಿದ ನಲವತ್ತು ಹೆಂಗಸರೂ ಬಂದರು. ಒಬ್ಬೊಬ್ಬರೂ ಒಂದೊಂದು ಮುಷ್ಟಿ. "ನಾ ಕಂಡೀನಿ," "ನಾ ಕಂಡೀನಿ." ಡೊಳ್ಳಿನ ಮುಖ ಕಾಣದಾಯಿತು. ಆಶಪ್ಪ ಕೋಲು ಎತ್ತಿ ಹೊಡೆದ. ಹಳದಿ ಮೋಡ ಎದ್ದಿತು. ಮೂಟೆಗೆ ಗುದ್ದಿದ ಹಾಗೆ ಧಪ್ ಎಂದಿತು, ಅಷ್ಟೇ.

ಸಾಕ್ಷಿಯ ಭಂಡಾರವನ್ನು ಹಾಡು ಮುಗಿಯುವವರೆಗೆ ಒರೆಸುವಂತಿಲ್ಲ. ಸಾಕ್ಷಿ ಇಲ್ಲವೆಂದು ಡೊಳ್ಳು ಸುಮ್ಮನಾಗುತ್ತದೆಂದು ತಿಂಗಳೆಲ್ಲ ಹೆದರಿದ್ದೆ. ಸಾಕ್ಷಿ ಹೆಚ್ಚಾಗಿ ಸುಮ್ಮನಾಯಿತು. ಆಶಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ವೇದಿಕೆಯ ಅಂಚಿಗೆ ಚಂದಕ್ಕೆಂದು ಹೂ ಸುತ್ತಿದ ಹಾಲಿನ ಕ್ಯಾನುಗಳನ್ನು ಇಟ್ಟಿದ್ದರು. ಕುರುಮಮ್ಮ ಮೇಲೆ ಬಂದಳು, ಒಂದರ ಹೂ ಕಿತ್ತಳು, ಬೋರಲು ಹಾಕಿ ಆಶಪ್ಪನ ಮುಂದೆ ತಳ್ಳಿದಳು. "ಬಾರಿಸು ತಮ್ಮ, ಇದೂ ಹಾಲಿಂದೇ." ಅವನು ಬಾರಿಸಿದ. ಸೌಟಿನ ತಾಳ ಕ್ಯಾನಿನಲ್ಲಿ ಹುಟ್ಟಿದ್ದೇ ಎನ್ನುವಂತೆ ಬಂತು. ಆಶಪ್ಪ ಮುಂದೆ ಹೋದ, ನಾನು ಅವನ ಹಿಂದೆ ಹಾಡಿಕೊಂಡು ಹೋದೆ. ನಲವತ್ತು ಹೆಂಗಸರು ಕೆಳಗಿನಿಂದ ಪಲ್ಲವಿಯ ಸೊಲ್ಲು ಹಿಡಿದರು.

ಕೊನೆಗೆ ಸಾಹೇಬರ ಸರದಿ. ಕಿಷ್ಟಮ್ಮ ಬಂದಳು, ಒಂದು ಮುಷ್ಟಿ ಹಚ್ಚಿ, "ನಾ ಕೇಳೀನಿ," ಅಂದಳು. ಎರಡು ಸಾಲು ಹಾಡಿದೆ. ಮುಗಿಯಿತು.

ಇನ್ನೂ ಇದೆ ಎಂದು ಜನ ಕಾದರು. ಇಲ್ಲವೆಂದು ತಿಳಿದಾಗ ಮ್ಯಾನೇಜರ್ ಕರವಸ್ತ್ರ ತೆಗೆದರು. ಶಿರಿಷಾ ಕಂಬದ ಹಿಂದೆ ಹೋದಳು. ಸಾಹೇಬರು ಎದ್ದು ಬಂದರು. ಕಿಷ್ಟಮ್ಮನ ಮುಂದೆ ನಿಂತರು.

"ಅಮ್ಮಾ, ಆ ಫೋನು ನನಗೆ ನೆನಪೇ ಇಲ್ಲ. ನಿಜಕ್ಕೂ ನಾನು ಹಾಗೆ ಅಂದೆನಾ?" ಎಂದು ತೆಲುಗಿನಲ್ಲಿ ಕೇಳಿದರು.

"ಅಂದ್ರಿ. ಅದಕ್ಕ ಬಂದೀನಿ. ಅಂದಿಲ್ಲಂದ್ರ ಬರ್ತಿದ್ದಿಲ್ಲ."

ಅವರು ಸ್ವಲ್ಪ ಹೊತ್ತು ತಮ್ಮ ಬಿರುದಿನ ಫಲಕ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಖೋವಾದ ಭಾಗ ಇನ್ನೊಮ್ಮೆ ಹಾಡುತ್ತೀರಾ? ಹಾಲು ಉಳಿಯಿತು ಎಂದಷ್ಟೇ ನನಗೆ ಹೇಳಿದ್ದರು. ಹೇಗೆಂದು ನಾನು ಕೇಳಿರಲೇ ಇಲ್ಲ," ಅಂದರು. ಮೆಟ್ಟಿಲ ಮೇಲೆ ಕೂತು ನಲವತ್ತು ನಿಮಿಷ ಕೇಳಿದರು. ಈ ಸಲ ಆಕಳಿಸಲಿಲ್ಲ.

ಇಂಥವರನ್ನು ಮಹಾನಾಯಕ ಎನ್ನಬಹುದೋ ಇಲ್ಲವೋ ನನಗೆ ತಿಳಿಯದು. ಎರಡು ಸಾಲಿನ ಮನುಷ್ಯ, ಖಂಡಿತ. ಸಾಕ್ಷಿ ಇರುವ ಎರಡು ಸಾಲು ಸಿಗುವುದೂ ಸುಲಭವಲ್ಲ. ನನ್ನ ಬಗ್ಗೆ ಯಾರಾದರೂ ಹಾಡಿದರೆ ಕಿಷ್ಟಮ್ಮ ಯಾವುದಕ್ಕೆ ಭಂಡಾರ ಹಚ್ಚುತ್ತಾಳೋ ಎಂದು ಟ್ರ್ಯಾಕ್ಟರಿನಲ್ಲಿ ಕೇಳಿದೆ. ಯೋಚಿಸಿ ಹೇಳುತ್ತೇನೆ ಅಂದಳು. ಇನ್ನೂ ಹೇಳಿಲ್ಲ.

ಡೊಳ್ಳು ಗೂಟಕ್ಕೆ ಹೋಗಲಿಲ್ಲ. ಆಶಪ್ಪನ ಮನೆಯ ಅಂಗಳದಲ್ಲಿ ಬಿಸಿಲು ಕಾಯುತ್ತಿದೆ.

ಫೆಬ್ರವರಿ 5, ಬುಧವಾರ

ಮಕ್ತಲ್‌ನಿಂದ ಪರಮೇಶ ಎಂಬ ಪೇಪರಿನವನು ಬಂದಿದ್ದ. ಗದ್ವಾಲದ ಕಥೆಯನ್ನು ಕಟ್ಟಿದ್ದು ಯಾರು, ಹೆಸರು ಹೇಳ್ರಿ ಎಂದ. ತಾಳ ಆಶಪ್ಪನದು, ಸೌದೆ ತಂದವರ ಸರದಿ ಕಿಷ್ಟಮ್ಮನದು, ಉಪ್ಪಿನ ತಕರಾರು ಬಗೆಹರಿಸಿದ್ದೂ ಆಶಪ್ಪ ಎಂದು ಹೇಳುತ್ತ ಹೋದೆ. ಅವನು ಪೆನ್ನು ಮುಚ್ಚಿದ.

"ಲಕ್ಷ್ಮಯ್ಯನೋರ, ಪೇಪರಿನಾಗ ಜಾಗ ಇಲ್ಲ. ಒಂದ ಹೆಸರು ಹಿಡಿತೈತಿ."

"ಹಂಗಾರ ಆಶಪ್ಪಂದು ಬರಕೋ."

ಆಶಪ್ಪನ ಮನೆಗೆ ಹೋದ. ಆಶಪ್ಪ ಕಿಷ್ಟಮ್ಮನ ಹೆಸರು ಹೇಳಿ ವಾಪಸ್ ಕಳಿಸಿದ. ಇವಳು, "ನಂದ್ಯಾಕ, ಎಲ್ಲಾ ಕುರುಮಮ್ಮಂದು," ಎಂದು ಡಿಪೋಗೆ ಕಳಿಸಿದಳು. ಕುರುಮಮ್ಮ ಹಾಲು ಅಳೆಯುತ್ತಲೇ, ಕಡಾಯಿ ಇಲ್ಲದೆ ನಾನೇನು ಮಾಡುತ್ತಿದ್ದೆ ಎಂದು ಹಂಪಣ್ಣನ ಹತ್ತಿರ ಕಳಿಸಿದಳಂತೆ. ಹಂಪಣ್ಣ, ಖೋವಾ ಇಲ್ಲೇ ಇದ್ದಿದ್ದರೆ ಅದೂ ಕೆಡುತ್ತಿತ್ತು, ಕಂಡಕ್ಟರನ್ನು ಕೇಳು ಅಂದನಂತೆ.

ನಾಲ್ಕೂವರೆಯ ರಾಯಚೂರು ಬಸ್ಸಿನಲ್ಲಿ ಪರಮೇಶ ಕಂಡಕ್ಟರನ ಪಕ್ಕ ಕೂತು ಹೋಗುತ್ತಿದ್ದುದನ್ನು ಆಶಪ್ಪ ನೋಡಿದ. ಕಂಡಕ್ಟರು ಅವನಿಗೆ ಮಿಠಾಯಿ ಅಂಗಡಿಯ ದಾರಿ ಹೇಳುತ್ತಿದ್ದನಂತೆ.

ಫೆಬ್ರವರಿ 9, ಭಾನುವಾರ

ಪೇಪರಿನಲ್ಲಿ ಇನ್ನೂ ಏನೂ ಬಂದಿಲ್ಲ.